ಅಕ್ಕ ತಂಗಿದ ಕಲ್ಯಾಣ

ಹರಿಹರನ ರಗಳೆಯ ಪ್ರಕಾರ, ಒಪ್ಪಿದ ಕರಾರನ್ನು ಕೌಶಿಕನು ಮೀರಿದಾಗ ಅಕ್ಕಮಹಾದೇವಿ ಅವನ ಅರಮನೆಯನ್ನು ತೊರೆದಳು. ಆಕೆ ಕಲ್ಯಾಣಕ್ಕೆ ಬಂದ ವೃತ್ತಾಂತವನ್ನು ಶೂನ್ಯಸಂಪಾದನೆ ಹೇಳುತ್ತದೆ. ಅಲ್ಲಮಪ್ರಭುಗಳು ಪತಿಯಾರೆಂದು ಕೇಳಿ ಕಠಿಣವಾಗಿ ಪರೀಕ್ಷಿಸಿದರು. ಕೊನೆಗೆ ಶರಣರು ಆಕೆಯನ್ನು ಅಕ್ಕನೆಂದು ಮನ್ನಿಸಿದರೇ ವಿನಾ ಗಂಡನ ಬಳಿಗೆ ಮರಳೆನ್ನಲಿಲ್ಲ. ಅಲ್ಲಿಂದ ಆಕೆ ಶ್ರೀಶೈಲಕ್ಕೆ ನಡೆದಳು. ಕಲ್ಯಾಣವು ಆಕೆಗೆ ಕೊನೆಯ ನೆಲೆಯಾಗಿರದೆ, ಮುಂದಿನ ದಾರಿಗೆ ಬಲವಿತ್ತ ತಂಗುದಾಣವಾಯಿತು.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು ಇಂಥ ತಂಗುದಾಣಕ್ಕೆ ಶಾಸನದ ಆಧಾರವನ್ನು ಕೊಟ್ಟಿತು. ನೊಂದವಳು ಬೇಡಿದರೆ ಆಶ್ರಯಗೃಹವು ಇಂಬು ಕೊಡಲೇಬೇಕು. ಮೊದಲು ಹಿಂಸೆಯ ವರದಿ ದಾಖಲಿಸಿಲ್ಲವೆಂದು ನಿರಾಕರಿಸುವಂತಿಲ್ಲ. ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಅದೇ ಕಾಯ್ದೆಯ 17ನೆಯ ಕಲಮು ಕೊಟ್ಟಿದೆ.

ಕಲ್ಯಾಣದ ನೆರೆಯ ಜಿಲ್ಲೆಯದೇ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆ. ರೈಲು ಕಾಣದ ಚಿಂಚೋಳಿಯಲ್ಲಿ ನಡುರಾತ್ರಿ ಮನೆಬಿಟ್ಟವಳಿಗೆ ಕಲಬುರಗಿ ಬಹುದೂರ. ಆಕೆ ಮೊದಲು ತಟ್ಟುವುದು ತವರಿನ ಬಾಗಿಲನ್ನು, ಇಲ್ಲವೇ ಮಠದ ಬಾಗಿಲನ್ನು. ಆಗ “ಹೊಂದಿಕೊಂಡು ಹೋಗು ತಾಯಿ” ಎಂದು ಹಿಂದಿರುಗಿಸುವುದು ಶರಣಧರ್ಮವಲ್ಲ. ಒಳಗೆ ಕರೆದು ಉಣಿಸಿ, ಆಕೆಯ ಒಪ್ಪಿಗೆ ಪಡೆದು 181 ಸಹಾಯವಾಣಿಗೋ, ಸಂರಕ್ಷಣಾಧಿಕಾರಿಗೋ ತಿಳಿಸುವುದು ದಾಸೋಹ. ಕಲ್ಯಾಣವು ಅಕ್ಕನನ್ನು ಹಿಂದಕ್ಕೆ ಅಟ್ಟಿದ್ದರೆ ನಮಗೆ ಅಕ್ಕನೇ ದೊರೆಯುತ್ತಿರಲಿಲ್ಲ.