ಕರ್ನಾಟಕದಲ್ಲಿ ಶಾಸ್ತ್ರೀಯ ಸಂಗೀತ ಮತ್ತು ಚಿತ್ರಕಲೆ

ನಾದಕ್ಕೆ ರೂಪ ಕೊಡುವ ಯತ್ನ ಕನ್ನಡ ನಾಡಿನಲ್ಲಿ ಹಾಡುಗಾರರಿಗಿಂತ ಅರಸರ ಆಸಕ್ತಿಯಿಂದ ಬೆಳೆದದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಗೀತ, ವಾದ್ಯ, ನೃತ್ಯಗಳೂ ಇವೆ, ಚಿತ್ರವೂ ಇದೆ. ಚಿತ್ರಕ್ಕೆ ಬೇಕಾದ ವಜ್ರಲೇಪವೆಂಬ ಅಂಟನ್ನು ಎಮ್ಮೆಯ ತೊಗಲಿನಿಂದ ಕಾಯಿಸುವ ಬಗೆಯನ್ನೂ ಅರಸನೇ ವಿವರಿಸುತ್ತಾನೆ. ಆದರೆ ಅಲ್ಲಿ ಎರಡೂ ಕಲೆಗಳು ಒಂದೇ ಅರಮನೆಯ ಬೇರೆ ಬೇರೆ ಕೋಣೆಗಳಲ್ಲಿವೆ.

ಆ ಕೋಣೆಗಳ ನಡುವಿನ ಬಾಗಿಲು ತೆರೆದದ್ದು ರಾಗಧ್ಯಾನ. ರಾಗವನ್ನು ದೇವತೆಯೆಂದೋ ನಾಯಕ ನಾಯಿಕೆಯೆಂದೋ ಭಾವಿಸಿ ಬರೆದ ಈ ಶ್ಲೋಕಗಳನ್ನು ಹಿಡಿದು ಚಿತ್ರಗಾರರು ರಾಗಮಾಲೆ ಎಂಬ ಚಿತ್ರಸರಣಿಗಳನ್ನು ಬರೆದರು. ತೋಡಿಯೆಂದರೆ ವೀಣೆ ಹಿಡಿದ ಹೆಣ್ಣು, ನಾದಕ್ಕೆ ಮರುಳಾಗಿ ಬಂದ ಜಿಂಕೆಗಳು. ಆ ಚಿತ್ರ ನೋಡಿ ಯಾರೂ ತೋಡಿಯ ಸ್ವರಗಳನ್ನು ಕಲಿಯಲಾರರು, ನಿಜ. ಅದು ಹೇಳುವುದು ರಾಗದ ಭಾವವನ್ನು, ಲಕ್ಷಣವನ್ನಲ್ಲ.

ಈ ಸಂಬಂಧ ತೀರ ಗಾಢವಾದದ್ದು ವಿಜಯಪುರದಲ್ಲಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) ತಾನೇ ಹಾಡು ಕಟ್ಟುತ್ತಿದ್ದ, ತಂಬೂರಿ ನುಡಿಸುತ್ತಿದ್ದ. ಆ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ದಖನಿ ಭಾಷೆಯ ಅವನ ‘ಕಿತಾಬ್-ಎ-ನೌರಸ್’ ಸರಸ್ವತಿಯ ಸ್ತುತಿಯಿಂದ ಆರಂಭವಾಗುತ್ತದೆ. ಅದರ ಹಾಡುಗಳನ್ನು ರಾಗಗಳ ಪ್ರಕಾರ ಜೋಡಿಸಲಾಗಿದೆ, ಕೆಲವು ಹಾಡುಗಳು ರಾಗಕ್ಕೇ ಮೈ ಬಣ್ಣ, ಉಡುಗೆ, ಒಡವೆ ತೊಡಿಸುತ್ತವೆ. ಅವನ ಆಸ್ಥಾನದಲ್ಲಿದ್ದ ಚಿತ್ರಗಾರ ಫರ್ರುಖ್ ಹುಸೇನ್ ವೀಣಾಪಾಣಿ ಸರಸ್ವತಿಯನ್ನು ಬರೆದ. ಆ ಚಿತ್ರದಲ್ಲಿರುವ ಬರಹ ಸುಲ್ತಾನನ ತಂದೆ ಗಣಪತಿ, ತಾಯಿ ಶಾರದೆ ಎನ್ನುತ್ತದೆ. ಕೇಳಿದವನು, ಹಾಡಿದವನು, ಬರೆಸಿದವನು ಒಬ್ಬನೇ ಆದ ಇಂಥ ಉದಾಹರಣೆ ಅಪರೂಪ.

ಶ್ಲೋಕ ಹಿಡಿದು ಚಿತ್ರ ಬರೆಯುವ ರೂಢಿ ಮೈಸೂರಿನಲ್ಲೂ ಇತ್ತು. ಅಲ್ಲಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದ ಒಂಬತ್ತು ನಿಧಿಗಳ ‘ಶ್ರೀತತ್ತ್ವನಿಧಿ’ಯಲ್ಲಿ ಧ್ಯಾನಶ್ಲೋಕವೂ ಚಿತ್ರವೂ ಜೊತೆಜೊತೆಯಾಗಿ ಸಾಗುತ್ತವೆ.

ಅರಸರ ಆಶ್ರಯದಲ್ಲಿ ಒಂದಾಗಿದ್ದ ಕಲೆಗಳು ಒಬ್ಬ ಕಲಾವಿದನೊಳಗೇ ಜಗಳಕ್ಕಿಳಿದದ್ದು ಕೆ. ವೆಂಕಟಪ್ಪನವರ (1886–1965) ಬದುಕಿನಲ್ಲಿ. ಮೈಸೂರಿನ ಚಿತ್ರಗಾರರ ಮನೆತನದ ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ಊರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರ (1852–1926) ಬಳಿ ಕಲಿಕೆಗೆ ಕೂತರು. ಕುಂಚ ಹಿಂದೆ ಬಿತ್ತು. ತಮ್ಮ ವೀಣೆಯ ಹುಚ್ಚನ್ನೇ ವಸ್ತುವಾಗಿಸಿ ಕಲಾಕೃತಿಯನ್ನೂ ರಚಿಸಿದರು. ಮತ್ತೆ ಚಿತ್ರಕ್ಕೆ ಮರಳಿ ಬರೆದ ಊಟಿ, ಕೊಡೈಕೆನಾಲ್‌ಗಳ ಜಲವರ್ಣ ದೃಶ್ಯಗಳಲ್ಲಿ ವೀಣೆಯೂ ಇಲ್ಲ, ರಾಗದೇವತೆಯೂ ಇಲ್ಲ. ಆದರೂ ಮಂಜಿನ ಒಂದೇ ಬಣ್ಣವನ್ನು ಎಳೆ ಎಳೆಯಾಗಿ ಬಿಡಿಸುವ ತಾಳ್ಮೆಯಲ್ಲಿ ಸಾಧಕನ ಕೈ ಕಾಣುತ್ತದೆ. ಅವರ ಕೃತಿಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿವೆ. ಇನ್ನೊಬ್ಬ ಚಿತ್ರಗಾರ, ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ (1911–1996) ಲಯ ತಿಳಿಯಲೆಂದು ಕಥಕ್ ಕಲಿತರು. ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ದಿ ಸಿಂಗಿಂಗ್ ಲೈನ್’, ಹಾಡುವ ಗೆರೆ.

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕತೆ ಬೇರೆ. ಗಣಪತಿ ಭಟ್ಟ ಹಾಸಣಗಿಯವರಂಥ ಗಾಯಕರನ್ನು ಕೊಟ್ಟ, ಹಿಂದೂಸ್ತಾನಿ ಬೈಠಕ್‌ಗಳಿಗೆ ಹೆಸರಾದ ಈ ಸೀಮೆಯಲ್ಲಿ ಶಿರಸಿಯ ಮಾರಿಕಾಂಬಾ ದೇವಾಲಯದ ಕಾವಿ ಕಲೆಯೂ, ಅಂದರೆ ಕೆಂಪು ಕಾವಿಯ ಗೋಡೆಚಿತ್ರಗಳೂ, ಇದೆ. ಆದರೆ ರಾಗಮಾಲೆ ಇಲ್ಲ. ವಾನಳ್ಳಿಯಂಥ ಘಟ್ಟದ ಊರುಗಳಲ್ಲಿ ನಾದವೂ ಬಣ್ಣವೂ ಸೇರುವುದು ಯಕ್ಷಗಾನದ ರಂಗಸ್ಥಳದಲ್ಲಿ. ರಾಕ್ಷಸಪಾತ್ರದ ರಂಗಪ್ರವೇಶವಾದ ಒಡ್ಡೋಲಗದಲ್ಲಿ ತೆರೆಯ ಮರೆಯಿಂದ ಮುಖ ಇಷ್ಟಿಷ್ಟೇ ಕಾಣುತ್ತದೆ. ಎಷ್ಟು ಕಾಣಬೇಕೆಂಬುದು ಚೆಂಡೆಯ ಪೆಟ್ಟಿನ ಲೆಕ್ಕ. ಇಲ್ಲಿ ಚಿತ್ರ ಬರೆಯುವ ಹಲಗೆ ವೇಷಧಾರಿಯ ಮುಖವೇ, ಅದು ಬೆಳಗಾದರೆ ತೊಳೆದುಹೋಗುತ್ತದೆ. ಈ ಸೀಮೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಮೇಳಗಳಲ್ಲಿ ಈಗ ರಾಕ್ಷಸರ ಈ ಬಣ್ಣದ ವೇಷವೇ ಅಪರೂಪ.