ನಿಷೇಧಿತ ನುಡಿ, ಉಳಿದ ಪದ: ಬ್ರೆಜಿಲಿನ ಪ್ರಾದೇಶಿಕ ಅಡುಗೆಯ ಪದಚರಿತ್ರೆ

ಬ್ರೆಜಿಲಿನ ಭಾಷಾಚರಿತ್ರೆಯಲ್ಲಿ 1757 ಒಂದು ಗಡಿರೇಖೆ. ಆ ವರ್ಷ ಅಮೆಜಾನ್ ಪ್ರದೇಶದ ಮೂಲನಿವಾಸಿಗಳ ವಸತಿಗಳಿಗೆಂದು ಹೊರಟು, 1758ರಲ್ಲಿ ಇಡೀ ವಸಾಹತಿಗೆ ಅನ್ವಯವಾದ 'ದಿರೆಕ್ತೋರಿಯೊ' ಎಂಬ ಶಾಸನವು ಪೋರ್ಚುಗೀಸನ್ನು ಕಡ್ಡಾಯಗೊಳಿಸಿತು. ತುಪಿ ಮೂಲದ ಸಂಪರ್ಕಭಾಷೆಯಾದ 'ಲಿಂಗ್ವಾ ಜೆರಾಲ್'ನ ಬಳಕೆಯನ್ನು ನಿಷೇಧಿಸಿತು. ಆದರೂ ಇಂದಿನ ಬ್ರೆಜಿಲಿನ ಅಡುಗೆಯ ಪದಕೋಶದಲ್ಲಿ ತುಪಿ ಪದಗಳು ಹೇರಳವಾಗಿವೆ. ಈ ಪದಗಳು ಯಾವುದಕ್ಕೆ ಸಾಕ್ಷಿ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಪದದ ಉಳಿವು ನುಡಿಯ ಉಳಿವಲ್ಲ, ಪದದ ಚರಿತ್ರೆ ಖಾದ್ಯದ ಚರಿತ್ರೆಯೂ ಅಲ್ಲ ಎಂಬುದು ನಮ್ಮ ವಾದ.

ಮೊದಲು ಉತ್ತರದ ಪರಾ ಪ್ರಾಂತ್ಯವನ್ನು ಗಮನಿಸೋಣ. ಅಲ್ಲಿನ ಮುಖ್ಯ ಆಹಾರ 'ಮಾಂಡಿಯೋಕಾ', ಅಂದರೆ ಮರಗೆಣಸು. ಕಹಿ ತಳಿಯ ಗೆಡ್ಡೆಯಲ್ಲಿ ಸಯನೈಡ್ ವಿಷವಿರುವುದರಿಂದ ಅದನ್ನು ತುರಿದು, 'ತಿಪಿತಿ' ಎಂಬ ಉದ್ದನೆಯ ಹೆಣಿಗೆಚೀಲದಲ್ಲಿ ತುಂಬಿ ಹಿಂಡಲಾಗುತ್ತದೆ. ಹಿಂಡಿದ ರಸದ ತಳದಲ್ಲಿ ನಿಲ್ಲುವ ಪಿಷ್ಟ 'ತಪಿಯೋಕಾ'. ಮೇಲಿನ ರಸವನ್ನು ದೀರ್ಘಕಾಲ ಕುದಿಸಿ ವಿಷ ಕಳೆದರೆ ದೊರೆಯುವುದು 'ತುಕುಪಿ'. ಕಾವಲಿಯ ಮೇಲೆ ಬೇಯಿಸಿದ ರೊಟ್ಟಿ 'ಬೇಜು'. ಇವೆಲ್ಲವೂ ತುಪಿ ಪದಗಳು. ಆದರೆ ದೇಶದಾದ್ಯಂತ ಮಾರಾಟವಾಗುವ ಹುರಿದ ಹಿಟ್ಟಿಗೆ 'ಫರೀನ್ಯ' ಎಂಬ ಪೋರ್ಚುಗೀಸ್ ಹೆಸರಿದೆ. ಸರಕಿಗೆ ಆಳುವವರ ಪದ ಒದಗಿತು. ವಿಷವನ್ನು ಅನ್ನವಾಗಿಸುವ ವಿದ್ಯೆಗೆ ಅವರಲ್ಲಿ ಪದವಿರಲಿಲ್ಲ. ಎರವಲು ಇಲ್ಲಿ ಜ್ಞಾನದ ಅವಲಂಬನೆಯನ್ನು ಸೂಚಿಸುತ್ತದೆ.

ಈಶಾನ್ಯದ ಬಾಹಿಯಾದಲ್ಲಿ ಎರವಲಿನ ಹಾದಿ ಬೇರೆ. ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ನುಡಿಗಳು ಅಲ್ಲಿನ ಅಡುಗೆಯಲ್ಲಿ ನೆಲೆಯಾದವು. ತಾಳೆ ಎಣ್ಣೆಯ ಹೆಸರು 'ಅಜೇತಿ ದಿ ದೆಂದೆ'. ಎಣ್ಣೆಯೆಂಬ ಪದ ಪೋರ್ಚುಗೀಸಿನದು, 'ದೆಂದೆ' ಕಿಂಬುಂಡುವಿನದು. ಆ ಎಣ್ಣೆಯಲ್ಲಿ ಕರಿದ ಅಲಸಂದೆಯ ವಡೆ 'ಅಕರಜೆ'. ಯೊರೂಬಾದಲ್ಲಿ 'ಅಕಾರಾ' ಎಂದರೆ ಕರಿದ ವಡೆ, 'ಜೆ' ಎಂದರೆ ತಿನ್ನು. ಪೋರ್ಚುಗೀಸಿನಲ್ಲಿ ಈ ಕ್ರಿಯಾಪದವು ತನ್ನ ಅರ್ಥ ಕಳೆದುಕೊಂಡು ನಾಮಪದದೊಳಗೆ ಕರಗಿದೆ. ಆದರೆ ಕಾಂದೊಂಬ್ಲೆ ಧರ್ಮದಲ್ಲಿ ಅಕರಜೆಯು ಇಯಾನ್ಸಾ ದೇವತೆಯ ನೈವೇದ್ಯವಾದುದರಿಂದ ಪದದ ಧಾರ್ಮಿಕ ಸ್ಮೃತಿ ಅಳಿದಿಲ್ಲ. ಸುವಾರ್ತಾವಾದಿ ಕ್ರೈಸ್ತ ಮಾರಾಟಗಾರರು ಕೆಲವರು ಇದೇ ವಡೆಯನ್ನು 'ಯೇಸುವಿನ ವಡೆ' ಎಂಬ ಅರ್ಥದ ಹೆಸರಿನಿಂದ ಮಾರತೊಡಗಿದಾಗ ವಿವಾದವೆದ್ದುದು ಆ ಕಾರಣಕ್ಕೆ. ಪಾಕ ಬದಲಾಗಲಿಲ್ಲ, ಹೆಸರಿನೊಡನೆ ವಂಶಾವಳಿ ಅಳಿಸಿಹೋಗುತ್ತದೆಂಬುದು ಆಕ್ಷೇಪ. ಅಕರಜೆ ಮಾರುವ ಬಾಹಿಯಾ ಮಹಿಳೆಯರ ವೃತ್ತಿಯನ್ನು 2005ರಲ್ಲಿ ರಾಷ್ಟ್ರೀಯ ಅಮೂರ್ತ ಪರಂಪರೆಯೆಂದು ದಾಖಲಿಸಲಾಯಿತು.

ಇಲ್ಲಿ ಒಂದು ಎಚ್ಚರ ಅಗತ್ಯ. ಕರಿಹುರುಳಿಕಾಯಿಯ ಬೀಜ ಮತ್ತು ಹಂದಿಮಾಂಸದ 'ಫೆಜೊವಾದ'ವನ್ನು, ಒಡೆಯರು ಎಸೆದ ಕಿವಿ, ಕಾಲು, ಬಾಲಗಳಿಂದ ಗುಲಾಮರು ರೂಪಿಸಿದರೆಂಬ ಕಥೆ ಜನಪ್ರಿಯ. 1967ರಲ್ಲಿ ಬ್ರೆಜಿಲಿನ ಆಹಾರ ಚರಿತ್ರೆಯನ್ನು ಪ್ರಕಟಿಸಿದ ಲೂಯಿಸ್ ದ ಕಾಮರ ಕಾಸ್ಕುದೊ ಅದನ್ನು ಒಪ್ಪದೆ, ಈ ಖಾದ್ಯವನ್ನು ಐರೋಪ್ಯ ಮಾಂಸದ ಬೇಯಿಸುಗಳ ಪರಂಪರೆಯಲ್ಲಿಟ್ಟರು. ಪದವೂ ಪೋರ್ಚುಗೀಸಿನದೇ. ಆದರೆ ಇದರಿಂದ ಆ ಮಡಕೆಯ ಮುಂದೆ ನಿಂತವರು ಯಾರೆಂಬುದು ತೀರ್ಮಾನವಾಗುವುದಿಲ್ಲ. ಇದಕ್ಕೆ ಪ್ರತಿಯಾಗಿ, ಈಶಾನ್ಯದ 'ಕುಸ್ಕುಸ್' ಉತ್ತರ ಆಫ್ರಿಕಾದ ಹೆಸರನ್ನು ಹೊತ್ತು ಅಮೆರಿಕದ ಮೆಕ್ಕೆಜೋಳದಿಂದ ತಯಾರಾಗುತ್ತದೆ. ಪದವೊಂದು ದಾರಿಯಲ್ಲಿ, ಪದಾರ್ಥವೊಂದು ದಾರಿಯಲ್ಲಿ ಬರುವುದುಂಟು.

ಇದಕ್ಕೆ ಕನ್ನಡದಲ್ಲಿಯೂ ಸಾಕ್ಷ್ಯವಿದೆ. ತುಪಿಯ 'ಅಕಜು' ಪೋರ್ಚುಗೀಸಿನ 'ಕಜು' ಆಗಿ, ಮರದೊಡನೆ ಪಶ್ಚಿಮ ಕರಾವಳಿಗೆ ಬಂದು, ಕೊಂಕಣಿಯಲ್ಲಿ 'ಕಾಜು' ಎಂದು ನೆಲೆಸಿತು. ಕನ್ನಡವು ಮರವನ್ನು ಸ್ವೀಕರಿಸಿತು, ಹೆಸರನ್ನಲ್ಲ. ಅದೇ ಸಸ್ಯಕುಟುಂಬದ ದೇಶೀ ಮರಕ್ಕಿದ್ದ 'ಗೇರು' ಎಂಬ ಪದವನ್ನೇ ಹೊಸ ಮರಕ್ಕೆ ವಿಸ್ತರಿಸಿ, ಹಳೆಯದನ್ನು 'ಕರಿಗೇರು' ಎಂದು ಬೇರ್ಪಡಿಸಿತು. 'ಗೇರು' ಪದವನ್ನಷ್ಟೇ ನೋಡುವವರಿಗೆ ಬ್ರೆಜಿಲ್ ಕಾಣುವುದೇ ಇಲ್ಲ.

ಆದ್ದರಿಂದ ಅಡುಗೆಯ ಪದಗಳನ್ನು ಸಂಪರ್ಕದ ಕುರುಹುಗಳಾಗಿ ಓದಬೇಕೇ ಹೊರತು ಒಡೆತನದ ಪತ್ರಗಳಾಗಿ ಅಲ್ಲ. 'ತಪಿಯೋಕಾ' ಜಗತ್ತಿನ ಹಲವು ಭಾಷೆಗಳಲ್ಲಿ ಇದೆಯೆಂಬುದರಿಂದ ಆ ಪದವನ್ನು ಕೊಟ್ಟ ಸಮುದಾಯಗಳ ನುಡಿಗಳು ಸುರಕ್ಷಿತವಾಗಿವೆ ಎನ್ನಲಾಗದು. ಲಿಂಗ್ವಾ ಜೆರಾಲ್‌ನ ಅಮೆಜಾನ್ ಶಾಖೆಯು ಇಂದು ನ್ಯೆಂಗಾತು ಎಂಬ ಹೆಸರಿನಲ್ಲಿ ರಿಯೊ ನೆಗ್ರೊ ಕಣಿವೆಯಲ್ಲಿ ಜೀವಂತವಾಗಿದೆ. ಅಲ್ಲಿನ ಸಾವೊ ಗಾಬ್ರಿಯೆಲ್ ದಾ ಕಶುಯೇರಾ ಪುರಸಭೆ 2002ರಲ್ಲಿ ನ್ಯೆಂಗಾತು, ತುಕಾನೊ, ಬನಿವಾ ಭಾಷೆಗಳಿಗೆ ಪೋರ್ಚುಗೀಸಿನ ಜೊತೆಗೆ ಅಧಿಕೃತ ಸ್ಥಾನ ನೀಡಿತು. 2010ರಲ್ಲಿ ಆ ಕಣಿವೆಯ ಸಾಂಪ್ರದಾಯಿಕ ಕೃಷಿಪದ್ಧತಿಯೂ ರಾಷ್ಟ್ರೀಯ ಪರಂಪರೆಯೆಂದು ದಾಖಲಾಯಿತು. ಮರಗೆಣಸಿನ ತೋಟ, ತಿಪಿತಿ, ಅವುಗಳ ಕುರಿತು ಮಾತನಾಡುವ ನುಡಿ ಇವು ಮೂರೂ ಒಂದೇ ಕಡೆ ಉಳಿದಿರುವ ಇಂತಹ ನೆಲೆಗಳಲ್ಲಿ ಪದಸಂಗ್ರಹವಷ್ಟೇ ಸಾಲದು. ಹಿಂಡುವ ಕೈಗಳ ಸಂಭಾಷಣೆಯೂ ದಾಖಲಾಗಬೇಕು.