ಬರದ ಸೀಮೆಯಲ್ಲಿ ಬಾಳುವ ಹರ್ಷ: ಗುಡೂರು ಪರಿಸರದಿಂದ ಒಂದು ಕ್ರೈಸ್ತ ಓದು

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಗುಡೂರಿನ ಒಂದು ಮಗ್ಗುಲಿಗೆ ಖಣಕ್ಕೆ ಹೆಸರಾದ ಗುಳೇದಗುಡ್ಡ, ಇನ್ನೊಂದು ಮಗ್ಗುಲಿಗೆ ಸೀರೆಗೆ ಹೆಸರಾದ ಇಳಕಲ್ಲು. ಹೊಲದಲ್ಲಿ ಬಿಳಿಜೋಳ, ಮನೆಯಲ್ಲಿ ಮಗ್ಗ. ಈ ಸೀಮೆಯ ಬದುಕು ಬಹುಕಾಲ ನಿಂತದ್ದು ಇವೆರಡರ ಮೇಲೆ. ಮಳೆ ಕೈಕೊಟ್ಟರೆ ಎರಡೂ ಒಟ್ಟಿಗೇ ನೆಲ ಕಚ್ಚುತ್ತವೆ. ಜೋಳ ಬಾರದ ವರ್ಷ ಖಣ ಕೊಳ್ಳುವವರು ಯಾರು? ಕ್ರೈಸ್ತ ಬೋಧನೆ ಮತ್ತೆಮತ್ತೆ ಹೇಳುವ ‘ಅಳಿಯದ ಹರ್ಷ’ಕ್ಕೆ ಇಂಥ ನೆಲದಲ್ಲಿ ಏನರ್ಥ ಎಂಬುದು ಈ ಲೇಖನದ ಪ್ರಶ್ನೆ. ಈ ಹರ್ಷವನ್ನು ಒಬ್ಬೊಬ್ಬರ ಮನಸ್ಥಿತಿಯಾಗಿ ನೋಡಿದರೆ ಅದು ಬರಗಾಲದ ಎದುರು ನಿಲ್ಲುವುದಿಲ್ಲ. ಕೂಡಿ ಹಾಡುವ, ಹಂಚಿ ಉಣ್ಣುವ, ಅಳುವವರೊಡನೆ ಕೂರುವ ಸಮುದಾಯದ ರೂಢಿಯಾಗಿ ನೋಡಿದಾಗಲೇ ಅದರ ಬಾಳಿಕೆ ಅರ್ಥವಾಗುತ್ತದೆ ಎಂಬುದು ಇಲ್ಲಿನ ವಾದ.

ಚಾರಿತ್ರಿಕ ಹಿನ್ನೆಲೆ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಕಾಲಿಟ್ಟಿತು. ಬೆಟಗೇರಿಯಲ್ಲಿ ನೆಲೆಯೂರಿದ ನಂತರ, 1851ರಲ್ಲಿ, ನೇಕಾರರ ಊರಾದ ಗುಳೇದಗುಡ್ಡದಲ್ಲಿ ಅದರ ಕೇಂದ್ರ ಶುರುವಾಯಿತು. ಹೊಸ ಧರ್ಮ ಹಿಡಿದವರಿಗೆ ಮೊದಲು ಎದುರಾದದ್ದು ಹೊಟ್ಟೆಪಾಡಿನ ಪ್ರಶ್ನೆ. ಜಾತಿಯಿಂದ ಹೊರಬಿದ್ದವರಿಗೆ ಕುಲಬಾಂಧವರ ನಂಟಷ್ಟೇ ಅಲ್ಲ, ಕಸುಬಿನ ಆಸರೆಯೂ ತಪ್ಪಿತು. ನೇಯ್ಗೆ ಒಬ್ಬರಿಂದ ಆಗುವ ಕೆಲಸವಲ್ಲ. ನೂಲಿಗೆ ಬಣ್ಣ ಹಾಕಬೇಕು, ಹಾಸು ಹೂಡಬೇಕು, ಕಂಡಿಕೆ ಸುತ್ತಬೇಕು, ನೂಲು ಸಾಲಕೊಟ್ಟು ಸೀರೆ ಕೊಳ್ಳುವ ಸಾಹುಕಾರ ಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಮಗ್ಗ ನಿಂತಂತೆ. ಮಿಷನ್ನು ಕರಾವಳಿಯಲ್ಲಿ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ತೆರೆದದ್ದರ ಹಿಂದೆಯೂ ಹೀಗೆ ಕೆಲಸ ಕಳೆದುಕೊಂಡವರಿಗೆ ದಾರಿ ತೋರುವ ಒತ್ತಾಯವಿತ್ತು.

ಅನಂತರ ಬಂದದ್ದು 1876–78ರ ಮಹಾಬರ. ಈ ಸೀಮೆಯ ಬಾದಾಮಿ, ಹುನಗುಂದ ತಾಲ್ಲೂಕುಗಳು ಆಗ ಕಲಾದಗಿ ಜಿಲ್ಲೆಗೆ ಸೇರಿದ್ದವು. 1872ರ ಜನಗಣತಿಯಲ್ಲಿ 8 ಲಕ್ಷ ಮೀರಿದ್ದ ಈ ಜಿಲ್ಲೆಯ ಜನಸಂಖ್ಯೆ 1881ಕ್ಕೆ 6 ಲಕ್ಷ 40 ಸಾವಿರದೊಳಗೆ ಇಳಿದಿತ್ತು. ಸತ್ತವರೆಷ್ಟೋ, ಗುಳೆ ಹೋಗಿ ಮರಳದವರೆಷ್ಟೋ. ತಬ್ಬಲಿಗಳಾದ ಮಕ್ಕಳಲ್ಲಿ ಕೆಲವರನ್ನು ಮಿಷನ್ನಿನ ಅನಾಥಾಲಯಗಳು ಸಾಕಿದವು. ಅನ್ನಕ್ಕಾಗಿ ಧರ್ಮ ಬಿಟ್ಟರು ಎಂಬ ಟೀಕೆ ಇಂಥ ಸಂದರ್ಭಗಳಿಂದಲೇ ಹುಟ್ಟಿದ್ದು. ಟೀಕೆಯನ್ನು ತಳ್ಳಿಹಾಕುವಂತಿಲ್ಲ; ಹಸಿದವರ ಎದುರು ಅನ್ನ ಹಿಡಿದು ನಿಂತವರ ಕೈಯಲ್ಲಿ ಅಧಿಕಾರವೂ ಇರುತ್ತದೆ. ಆದರೆ ಆ ಟೀಕೆ ಅನ್ನ ಬೇರೆ, ಆತ್ಮದ ಹರ್ಷ ಬೇರೆ ಎಂದು ಮೊದಲೇ ಒಪ್ಪಿಕೊಂಡಿರುತ್ತದೆ. ಕ್ರೈಸ್ತ ಮೂಲಪಠ್ಯಗಳು ಹಾಗೆ ಒಪ್ಪುತ್ತವೆಯೇ ಎಂದು ನೋಡಬೇಕು.

ಎರಡು ಪಠ್ಯಗಳು

ಹರ್ಷದ ಪತ್ರವೆಂದೇ ಹೆಸರಾದ ಫಿಲಿಪ್ಪಿಯರಿಗೆ ಬರೆದ ಪತ್ರವನ್ನು ಪೌಲನು ಬರೆದದ್ದು ಸೆರೆಯಲ್ಲಿದ್ದು. ಆ ಸೆರೆ ರೋಮಿನದೋ ಎಫೆಸದ್ದೋ ಎಂಬ ಚರ್ಚೆ ಮುಗಿದಿಲ್ಲ. ನಾಲ್ಕೇ ಅಧ್ಯಾಯಗಳ ಈ ಪತ್ರದ ಗ್ರೀಕ್ ಮೂಲದಲ್ಲಿ ಹರ್ಷವನ್ನು ಸೂಚಿಸುವ ನಾಮಪದ, ಕ್ರಿಯಾಪದಗಳು 16 ಸಲ ಬರುತ್ತವೆ. ಉಪದೇಶಕರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಪತ್ರ ಹುಟ್ಟಿದ ಸಂದರ್ಭವನ್ನು ಕೆದಕಿದರೆ ಬೇರೆಯೇ ಸಂಗತಿ ಕಾಣುತ್ತದೆ: ಫಿಲಿಪ್ಪಿಯ ಸಭೆ ಎಪಫ್ರೊದೀತನ ಕೈಯಲ್ಲಿ ನೆರವು ಕಳಿಸಿದೆ, ಪೌಲನು ಅದು ಮುಟ್ಟಿತೆಂದು ಬರೆಯುತ್ತಿದ್ದಾನೆ. ನೆರವು ತಂದವನು ಕಾಯಿಲೆ ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಾನೆ. ಅವನು ತೀರಿಕೊಂಡಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತೆಂದು ಪೌಲನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಸಭೆಯ ಇಬ್ಬರು ಮಹಿಳೆಯರ ನಡುವಿನ ಮನಸ್ತಾಪವೂ ಪ್ರಸ್ತಾಪಗೊಳ್ಳುತ್ತದೆ. ಹೀಗೆ ಅತಿ ಹೆಚ್ಚು ಹರ್ಷವನ್ನು ಹೇಳುವ ಪತ್ರವೇ ನೆರವಿನ ರಸೀದಿಯೂ ಹೌದು. ಅಲ್ಲಿ ಹರ್ಷ ದುಃಖವನ್ನು ಅಲ್ಲಗಳೆಯುವುದಿಲ್ಲ, ಹಸಿವನ್ನು ಮರೆಮಾಚುವುದಿಲ್ಲ.

ಆ ಸಭೆಯ ಮೂಲವೂ ನಮ್ಮ ನೇಕಾರ ಸೀಮೆಗೆ ಹತ್ತಿರವೆನಿಸುವಂಥದು. ಅಪೊಸ್ತಲರ ಕೃತ್ಯಗಳ ಪ್ರಕಾರ ಅದು ಬೇರೂರಿದ್ದು ಲುದ್ಯ ಎಂಬಾಕೆಯ ಮನೆಯಲ್ಲಿ. ಆಕೆ ನೇರಳೆ ಬಣ್ಣದ ಬಟ್ಟೆಯ ವ್ಯಾಪಾರಿ.

ಎರಡನೆಯದು ಹಬಕ್ಕೂಕನ ಗ್ರಂಥದ ಕೊನೆಯ ಪ್ರಾರ್ಥನೆ. ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಕುರಿಹಟ್ಟಿ, ಕೊಟ್ಟಿಗೆ ಎಂದು ಒಂದೊಂದನ್ನೇ ಹೆಸರಿಸಿ, ಎಲ್ಲವೂ ಬರಿದಾದರೂ ದೇವರಲ್ಲಿ ಹಿಗ್ಗುವೆನೆಂದು ಪ್ರವಾದಿ ಹೇಳುತ್ತಾನೆ. ನಷ್ಟದ ಲೆಕ್ಕವನ್ನು ಪೂರ್ತಿ ಬರೆದ ಮೇಲೆಯೇ ಆ ಮಾತು ಬರುತ್ತದೆ ಎಂಬುದು ಮುಖ್ಯ. ಕೊನೆಯಲ್ಲಿ ತಂತಿವಾದ್ಯದೊಡನೆ ಹಾಡಿಸಬೇಕೆಂಬ ಸೂಚನೆಯಿದೆ. ಒಬ್ಬನ ಬಾಯಿಂದ ಬಂದ ಮಾತನ್ನು ಮೇಳವೇ ಹಾಡಬೇಕು. ದನಿ ಕಟ್ಟಿದವನ ಪಾಲಿನ ಸಾಲನ್ನು ಪಕ್ಕದವರು ಎತ್ತಿಕೊಳ್ಳಬೇಕು.

ಹಾಡು ಮತ್ತು ಬೆಳೆಹಬ್ಬ

ಕನ್ನಡ ಸಭೆಗಳು ಈ ಸೂಚನೆಯನ್ನು ತಮ್ಮ ರೀತಿಯಲ್ಲಿ ಪಾಲಿಸಿವೆ. ಜರ್ಮನ್ ಧಾಟಿಯ ಕೀರ್ತನೆಗಳ ಜೊತೆಗೆ ದೇಶಿ ಛಂದಸ್ಸಿನ ದಾರಿಯೂ ಬೇಗನೆ ತೆರೆದುಕೊಂಡಿತು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯವಾಗಿಸಿದರು. ಭಜನೆಯ ಪದ, ತಾಳ, ಸೊಲ್ಲೆತ್ತುವವರು, ಹಿಮ್ಮೇಳ ಎಲ್ಲವೂ ಈ ನಾಡಿಗೆ ಮೊದಲೇ ಒಗ್ಗಿದ್ದವು.

ಈ ಸಭೆಗಳು ಆಚರಿಸುವ ಬೆಳೆಹಬ್ಬವನ್ನು ಹತ್ತಿರದಿಂದ ನೋಡಿದರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಆರಾಧನೆಗೆ ಬರುವವರು ಜೋಳದ ತೆನೆ, ಕುಂಬಳಕಾಯಿ, ತತ್ತಿ, ಕೋಳಿ ಹೀಗೆ ಕೈಲಾದದ್ದನ್ನು ತರುತ್ತಾರೆ. ಆಮೇಲೆ ಲಿಲಾವು. ಒಂದು ಕುಂಬಳಕಾಯಿ ಸಂತೆಯ ಬೆಲೆಯನ್ನು ಮೀರಿ ಏರುತ್ತದೆ. ಕೊಂಡವರು ಅದನ್ನೇ ಮರಳಿ ಕಾಣಿಕೆ ಕೊಟ್ಟು ಮತ್ತೊಮ್ಮೆ ಕೂಗಿಸುವುದೂ ಉಂಟು. ನಗು, ಚೇಷ್ಟೆ, ಸವಾಲುಗಳ ನಡುವೆ ಹಣ ಕೂಡುತ್ತದೆ. ಬೆಳೆ ಬಂದವರು ಬಾರದವರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಫಸಲು ಕೆಟ್ಟ ವರ್ಷವೂ ಈ ಹಬ್ಬ ಪಂಚಾಂಗದಿಂದ ಬಿದ್ದುಹೋಗುವುದಿಲ್ಲ. ಇಲ್ಲಿ ಹರ್ಷ ಫಸಲಿನ ಅಳತೆಗೆ ಕಟ್ಟುಬಿದ್ದಿಲ್ಲ, ಆದರೆ ಫಸಲಿನ ಹಂಚಿಕೆಯಿಂದ ಬಿಡಿಸಿಕೊಂಡೂ ಇಲ್ಲ.

ಶರಣರ ನೆರೆಯಲ್ಲಿ

ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಇದೇ ಸೀಮೆಯಲ್ಲಿದೆ. ಕಾಯಕದ ಫಲವನ್ನು ದಾಸೋಹಕ್ಕೆ ಸಲ್ಲಿಸುವ ಶರಣರ ನಿಲುವು ಬೆಳೆಹಬ್ಬದ ತರ್ಕಕ್ಕೆ ದೂರದ್ದಲ್ಲ. ಬಾಸೆಲ್ ಮಿಷನ್ನಿನಲ್ಲಿ ದುಡಿದ ಉತ್ತಂಗಿ ಚನ್ನಪ್ಪನವರು (1881–1962) ಈ ನೆರೆಹೊರೆಯನ್ನು ಗಂಭೀರವಾಗಿ ತೆಗೆದುಕೊಂಡವರು. 1924ರಲ್ಲಿ ಸರ್ವಜ್ಞನ ವಚನಗಳ ಸಂಪಾದನೆ ಹೊರತಂದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಎರಡು ಪರಂಪರೆಗಳ ನಡುವೆ ಭೇದವೂ ಇದೆ. ಶರಣರಿಗೆ ಲಿಂಗಾಂಗ ಸಾಮರಸ್ಯ ಇಲ್ಲಿಯೇ ಸಿದ್ಧಿಸುವ ಅನುಭಾವ; ಕ್ರೈಸ್ತರ ಹರ್ಷ ಶಿಲುಬೆಯನ್ನು ನೆನೆಯುತ್ತ, ಪುನರುತ್ಥಾನದ ಭರವಸೆಯಲ್ಲಿ ಮುಂದಿನದನ್ನು ಕಾಯುತ್ತದೆ. ಇವನ್ನು ಒಂದೇ ಎನ್ನುವುದು ಎರಡಕ್ಕೂ ಸಲ್ಲದ ಮಾತು.

ಸಮಾರೋಪ

2009 ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿ ಇದೇ ಜಿಲ್ಲೆಯ ಊರುಗಳಿಗೆ ನುಗ್ಗಿತು. ನೀರು ಹೊಕ್ಕ ಕುಣಿಮಗ್ಗ ಆರುವವರೆಗೆ ನೇಯುವಂತಿಲ್ಲ, ಕೂಲಿಯಿಲ್ಲ; ವಿದ್ಯುತ್ ಮಗ್ಗದ ಅಗ್ಗದ ಸೀರೆಯ ಪೈಪೋಟಿಯಂತೂ ದಿನನಿತ್ಯದ್ದು. ಇಂಥವರಿಗೆ ‘ನಂಬಿದರೆ ಸಿರಿ ಬರುತ್ತದೆ’ ಎನ್ನುವ ಸಮೃದ್ಧಿಯ ಉಪದೇಶವಾಗಲಿ, ‘ಕಷ್ಟವನ್ನು ನಗುತ್ತ ಸಹಿಸು’ ಎನ್ನುವ ಒಣ ಬುದ್ಧಿವಾದವಾಗಲಿ ಫಿಲಿಪ್ಪಿಯರ ಪತ್ರದ ಹರ್ಷಕ್ಕೆ ನ್ಯಾಯ ಸಲ್ಲಿಸುವುದಿಲ್ಲ. ಮೊದಲನೆಯದು ಹರ್ಷವನ್ನು ಫಲಿತಾಂಶಕ್ಕೆ ಅಡವಿಡುತ್ತದೆ. ಎರಡನೆಯದು ನೊಂದವರನ್ನು ಒಂಟಿಯಾಗಿಸುತ್ತದೆ. ಪತ್ರದ ಪ್ರಕಾರ ಹರ್ಷಿಸಿರೆಂದು ಹೇಳುವ ಹಕ್ಕು ನೆರವನ್ನು ಕೊಟ್ಟು ಪಡೆದವರ ಸಂಬಂಧದೊಳಗೆ ಹುಟ್ಟುತ್ತದೆ. ಆದ್ದರಿಂದ ಒಂದು ಸಭೆಯ ಹರ್ಷವನ್ನು ಅಳೆಯುವವರು ಹಾಡಿನ ಅಬ್ಬರದ ಜೊತೆಗೆ, ಮಗ್ಗ ನಿಂತ ಮನೆಯ ಕಷ್ಟದಲ್ಲಿ ಆ ಸಭೆ ಎಷ್ಟು ಪಾಲು ಹೊತ್ತಿತೆಂಬುದನ್ನೂ ಕೇಳಬೇಕಾಗುತ್ತದೆ.